ಸ್ವಲ್ಪ ಜುಮ್ ಅಂತೈತಿ, ಅಷ್ಟ

ಯಾರಾದರೂ ನಳ ತಿರುಗಿಸುವುದನ್ನು ನೀವು ಗಮನವಿಟ್ಟು ನೋಡಿದ್ದೀರಾ? ನೋಡಿರಲಿಕ್ಕಿಲ್ಲ. ನಾನೂ ನೋಡುತ್ತಿರಲಿಲ್ಲ. ಹೋದ ಶ್ರಾವಣಕ್ಕೆ ಸ್ವಲ್ಪ ಮೊದಲು ನನ್ನ ತಂಗಿ ಕಸ್ತೂರಿ ಶಿಗ್ಲಿಯಿಂದ ಬೆಟಗೇರಿಯ ನಮ್ಮ ಮನೆಗೆ ಕೆಲವು ದಿನ ಇದ್ದುಹೋಗಲು ಬಂದಳು. ಬಂದ ಮಧ್ಯಾಹ್ನವೇ, ಬೇಡವೆಂದರೂ ಕೇಳದೆ, ತಾನೇ ಚಹಾ ಇಡಲು ಹೊರಟಳು. ನಾನು ಅಡುಗೆಮನೆಯ ಬಾಗಿಲಲ್ಲಿ ಕುಳಿತು ಹೀರೇಕಾಯಿ ಹೆರೆಯುತ್ತಿದ್ದೆ. ಅವಳು ಪಾತ್ರೆಯನ್ನು ನಳದ ಕೆಳಗಿಟ್ಟು, ಸೆರಗಿನ ತುದಿಯನ್ನು ಮಡಿಕೆ ಮಾಡಿ, ಒಲೆಯ ಮೇಲಿನ ಬಿಸಿ ಪಾತ್ರೆ ಹಿಡಿಯುವವರಂತೆ ನಳವನ್ನು ಹಿಡಿದು ತಿರುಗಿಸಿದಳು. ತಿರುಗಿಸಿದವಳೇ ಕೈಯನ್ನು ಎದೆಯ ಹತ್ತಿರ ಎಳೆದುಕೊಂಡಳು. ನಮ್ಮದು ಪ್ಲಾಸ್ಟಿಕ್ ನಳ.

“ಅದೇನ ಕಸ್ತೂರಿ, ನಳ ಸುಡತೈತೇನ?” ಎಂದು ನಕ್ಕೆ.

ಅವಳು ತನ್ನ ಕೈಯನ್ನು ತಾನೇ ನೋಡಿಕೊಂಡು ನಾಚಿದಳು. “ಅಯ್ಯ, ರೂಢಿ ಆಗೈತಿ ನೋಡಕ್ಕಾ. ನಮ್ಮ ಹಿತ್ತಲ ನಳ ಮುಟ್ಟಿದ್ರ ಜುಮ್ ಅಂತೈತಿ.”

“ಜುಮ್ ಅಂದ್ರ?”

“ಜುಮ್ ಅಂದ್ರ ಜುಮ್. ಮೊಣಕೈ ತನಕ ಹಿಡಕೊಂಡಂಗ ಆಕ್ಕೈತಿ. ಸ್ವಲ್ಪ, ಅಷ್ಟ. ಬಿಡು.”

ಬಿಡುವವಳು ನಾನಲ್ಲ. ಗದಗಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತ ಕಲಿಸುತ್ತ ತಲೆ ಬೆಳ್ಳಗಾದವಳು ನಾನು. ನಮ್ಮ ಕಡೆ ಮಕ್ಕಳು ಟೀಚರನ್ನು ಅಕ್ಕೋರು ಎಂದು ಕರೆಯುತ್ತಾರೆ. ನಾನು ವರಾಂಡದಲ್ಲಿ ಬರುವುದು ಕಂಡರೆ ಹಿರೇಹಂದಿಗೋಳದ ಬಸ್ಸಿನಲ್ಲಿ ಬರುವ ಪುಂಡರ ಗುಂಪು, “ಲೇ, ಇವತ್ತ ಅಕ್ಕೋರ ವೋಲ್ಟೇಜ್ ಜಾಸ್ತಿ ಐತಲೇ” ಎಂದು ಪಿಸುಗುಟ್ಟುತ್ತದೆ. ನನಗೆ ಕೇಳಿಸುವುದಿಲ್ಲ ಎಂದು ಅವರು ತಿಳಿದಿದ್ದಾರೆ. ಕೇಳಿಸುತ್ತದೆ, ಒಳಗೊಳಗೇ ಸಂತೋಷವೂ ಆಗುತ್ತದೆ. ಶಬ್ದವನ್ನಾದರೂ ಸರಿಯಾಗಿ ಬಳಸಿದರಲ್ಲ ಎಂದು. ನಮ್ಮ ಮನೆಯವರದು ಇನ್ನೂ ಸರಳ. ನನಗೆ ಸಿಟ್ಟು ಬಂದರೆ “ಫ್ಯೂಜ್ ಹೋತು” ಎಂದಷ್ಟೇ ಹೇಳಿ, ಪೇಪರು ಹಿಡಿದು ಹೊರಗಿನ ಕಟ್ಟೆಗೆ ಹೋಗಿ ಕುಳಿತುಬಿಡುತ್ತಾರೆ. ಆ ದಿನವೂ ಹೋಗಿ ಕುಳಿತರು.

ಯಾಕೆಂದರೆ ನಾನು ಕೇಳುತ್ತ ಹೋದಂತೆ ಕಸ್ತೂರಿ ಒಂದೊಂದೇ ಹೇಳುತ್ತ ಹೋದಳು. ಹೋದ ವರ್ಷದ ಮಳೆಗಾಲದಿಂದ ಹೀಗಂತೆ. ಹಿತ್ತಲಲ್ಲಿ ನೀರಿನ ಮೋಟರು, ಅದರಿಂದ ಕಬ್ಬಿಣದ ಪೈಪು, ಪೈಪಿನ ತುದಿಗೆ ಹಿತ್ತಾಳೆಯ ನಳ, ನಳದ ಬುಡಕ್ಕೆ ಅರಿವೆ ಒಗೆಯುವ ಕಲ್ಲು. ಮೋಟರು ಹಚ್ಚಿ ನಳ ಮುಟ್ಟಿದರೆ ಜುಮ್. ಮಳೆ ಬಂದು ನೆಲ ಹಸಿಯಾಗಿದ್ದರೆ ಜೋರು ಜುಮ್. ಒಮ್ಮೆ ಕೈಯಲ್ಲಿದ್ದ ಕೊಡ ಬಿದ್ದು ಕಾಲಿನ ಉಗುರು ಕಪ್ಪಾಯಿತು. ಗಂಡನಿಗೆ ಹೇಳಿದಳು. ಗಂಡ ವೀರಣ್ಣ, ಹೊಲದಿಂದ ಬಂದವನು, ನಿಂತಲ್ಲಿಂದಲೇ ಕೈ ಚಾಚಿ ನಳ ಹಿಡಿದು ನೋಡಿದ. ಏನೂ ಆಗಲಿಲ್ಲ. “ನಿನಗ ಭಾಸ ಆಗೈತಿ” ಎಂದ. ಅವಳು ಮತ್ತೆ ಹೇಳಿದಳು, ಅವನು ಮತ್ತೆ ಹಿಡಿದು ತೋರಿಸಿದ. ಮೂರನೆಯ ಸಲ ಹೇಳಿದಾಗ ಅವನಿಗೆ ಹೆಂಡತಿಯ ಬಗ್ಗೆ ಖರೇನೇ ಕಾಳಜಿ ಹುಟ್ಟಿತು. ಲಕ್ಷ್ಮೇಶ್ವರಕ್ಕೆ ಕರೆದುಕೊಂಡು ಹೋಗಿ ಒಬ್ಬ ಡಾಕ್ಟರಿಗೆ ತೋರಿಸಿದ.

“ಡಾಕ್ಟರ್ ಏನಂದ್ರು?”

“ನರದ ವೀಕ್‌ನೆಸ್ ಅಂದ್ರು. ಗುಳಿಗಿ ಕೊಟ್ಟಾರ. ಚಿಂತಿ ಕಡಿಮಿ ಮಾಡ್ರಿ ಅಂದಾರ.”

ಕೆಂಪು ಗುಳಿಗೆಯ ಹಾಳೆ ಅವಳ ಚೀಲದಲ್ಲೇ ಇತ್ತು. ಬಲಗೈ ತೋಳಿಗೆ ಕಪ್ಪು ದಾರವೂ ಇತ್ತು. ಅದನ್ನು ಅತ್ತೆ ನೀಲವ್ವ ಕಟ್ಟಿಸಿದ್ದಂತೆ. ಮೋಟರಿನ ತಂತಿ ಕೆಟ್ಟಿದೆ, ಔಷಧಿ ನನ್ನ ತಂಗಿಗೆ! ಪೈಪಿನಲ್ಲಿ ವಿದ್ಯುತ್ತು ಹರಿಯುತ್ತಿದೆ, ದಾರ ನನ್ನ ತಂಗಿಯ ತೋಳಿಗೆ! ನೀವೇ ಹೇಳಿ, ಫ್ಯೂಜ್ ಹೋಗದೆ ಏನಾದೀತು?

ಸಿಟ್ಟು ಬಂದಾಗ ನನಗೆ ಹಳೆಯದೆಲ್ಲ ನೆನಪಾಗುತ್ತದೆ. ಮುಂಡರಗಿಯಲ್ಲಿ ನಾವಿಬ್ಬರೂ ಚಿಕ್ಕವರಿದ್ದಾಗ ಅಪ್ಪನ ಹತ್ತಿರ ಅಂಗೈಯಗಲದ ಒಂದು ರೇಡಿಯೋ ಇತ್ತು. ಅಪ್ಪ ಕಚೇರಿಯಲ್ಲಿ ಗುಮಾಸ್ತ. ಸಂಜೆ ಬಂದು ಅಂಗಿ ಕಳಚಿ, ಆ ರೇಡಿಯೋವನ್ನು ಎದೆಯ ಮೇಲೆ ಇಟ್ಟುಕೊಂಡು ಮಲಗಿದರೆ ಅದು ಅವನ ಉಸಿರಿನ ಜೊತೆ ಏರಿ ಇಳಿಯುತ್ತ ಹಾಡುತ್ತಿತ್ತು. ಅದರ ಹೊಟ್ಟೆಯಲ್ಲಿ ಒಂದು ಚೌಕ ಸೆಲ್ಲು, ಸೆಲ್ಲಿನ ನೆತ್ತಿಯ ಮೇಲೆ ಗುಂಡಿಯಂಥ ಎರಡು ಗುಬ್ಬಿಗಳು. ಹಾಡು ಸಣ್ಣಗಾಯಿತೆಂದರೆ ಅಪ್ಪ ಸೆಲ್ಲು ತೆಗೆದು ಆ ಗುಬ್ಬಿಗಳನ್ನು ನಾಲಿಗೆಗೆ ಹಚ್ಚಿ ನೋಡುತ್ತಿದ್ದ. ಕಣ್ಣು ಕಿರಿದು ಮಾಡಿ, “ಇನ್ನೂ ಜೀವ ಐತಿ” ಎಂದು ಮತ್ತೆ ಒಳಗೆ ಹಾಕುತ್ತಿದ್ದ. ಅವನು ಇಲ್ಲದಾಗ ನಾವು ಅದನ್ನು ಕದ್ದು ತೆಗೆಯುತ್ತಿದ್ದೆವು. ಮೊದಲು ಬೆರಳಿಗೆ ಹಚ್ಚಿಕೊಳ್ಳುತ್ತಿದ್ದೆವು, ಏನೂ ಇಲ್ಲ. ಆಮೇಲೆ ನಾಲಿಗೆಗೆ. ಚುರ್ ಎಂದು ಹುಳಿ ಹುಳಿಯಾಗಿ ಕಚ್ಚುತ್ತಿತ್ತು. ಕಸ್ತೂರಿ ಕಿರುಚಿ ಓಡಿಹೋಗಿ, ಪಡಸಾಲೆಯ ಕಂಬ ಸುತ್ತಿಬಂದು, “ಇನ್ನೊಮ್ಮೆ ಹಚ್ಚು” ಎಂದು ನಾಲಿಗೆ ಚಾಚಿ ನಿಲ್ಲುತ್ತಿದ್ದಳು.

ಅದೇ ಸೆಲ್ಲು, ಬೆರಳಿಗೆ ಯಾಕೆ ಸುಮ್ಮನಿರುತ್ತದೆ, ನಾಲಿಗೆಗೆ ಯಾಕೆ ಕಚ್ಚುತ್ತದೆ ಎಂದು ನಾವು ಕೇಳಿದಾಗ ಅಪ್ಪ, “ನಾಲಿಗಿ ಹಸಿ ಐತಿ, ಬೆರಳ ಒಣಾ ಐತಿ, ಅದಕ್ಕ” ಎಂದಿದ್ದ. ಇದಕ್ಕಿಂತ ಚೆನ್ನಾಗಿ ಆ ಪಾಠವನ್ನು ನಾನು ಇವತ್ತಿನವರೆಗೂ ಮಾಡಿಲ್ಲ. ನಾನು ಮಾಡುವುದು ಪುಸ್ತಕದ ಪಾಠ. ಬೋರ್ಡಿನ ಮೇಲೆ ಒಂದು ತ್ರಿಕೋನ. ಮೇಲೆ ವಿ, ಕೆಳಗೆ ಐ ಮತ್ತು ಆರ್. ವೋಲ್ಟೇಜ್ ಎಂದರೆ ನೂಕುವ ಒತ್ತಡ, ಕರೆಂಟ್ ಎಂದರೆ ಹರಿಯುವುದು, ರೆಸಿಸ್ಟೆನ್ಸ್ ಎಂದರೆ ಅಡ್ಡ ನಿಂತು ತಡೆಯುವುದು. ಸಂಜೆ ಶಿರಹಟ್ಟಿ ಬಸ್ಸಿಗೆ ಮುಗಿಬೀಳುವ ಜನರನ್ನು ನೆನೆಸಿಕೊಳ್ಳಿರಿ ಎನ್ನುತ್ತೇನೆ. ಹಿಂದಿನಿಂದ ನೂಕುವವರ ಜೋರು ವೋಲ್ಟೇಜು. ಬಾಗಿಲಲ್ಲಿ ಚೀಲ ಇಟ್ಟು ನಿಂತವರು ರೆಸಿಸ್ಟೆನ್ಸು. ಒಳಗೆ ಹೋಗುವ ಜನರ ಹರಿವು ಕರೆಂಟು. ನೂಕು ಅಷ್ಟೇ ಇದ್ದರೂ ಬಾಗಿಲು ತೆರವಾದರೆ ಜನ ದಬದಬ ಒಳಗೆ ಬೀಳುತ್ತಾರೆ; ಬಾಗಿಲು ಕಟ್ಟಿದರೆ ಒಬ್ಬೊಬ್ಬರೇ. ಹುಡುಗರು ನಗುತ್ತಾರೆ. ಒಬ್ಬ ಎದ್ದು, “ಅಕ್ಕೋರ, ಕಂಡಕ್ಟರ್ ಎಲ್ಲಿರ್ತಾನ್ರಿ?” ಎಂದು ಕೇಳುತ್ತಾನೆ. ಪ್ರತಿ ವರ್ಷ ಒಬ್ಬನಾದರೂ ಕೇಳುತ್ತಾನೆ, ಪ್ರತಿ ವರ್ಷ ಎಲ್ಲರೂ ಮೊದಲ ಸಲ ಕೇಳಿದವರಂತೆ ನಗುತ್ತಾರೆ.

ಆದರೆ ನಮ್ಮ ಮಾತಿನಲ್ಲಿ ಈ ಮೂರೂ ಒಂದೇ. ಕರೆಂಟ್ ಹೋತು, ಕರೆಂಟ್ ಬಂತು, ಕರೆಂಟ್ ಕಡಿಮಿ ಐತಿ, ಕರೆಂಟ್ ಹೊಡೀತು. ಬೆಳಕೂ ಕರೆಂಟು, ಬಿಲ್ಲೂ ಕರೆಂಟು, ಸಾವೂ ಕರೆಂಟು. ಹೀಗೆ ಎಲ್ಲವನ್ನೂ ಒಂದೇ ಚೀಲಕ್ಕೆ ತುರುಕಿದರೆ ಒಂದು ಅನುಕೂಲವಿದೆ: ಯಾರನ್ನು ಯಾವುದು ಮುಟ್ಟಿತು ಎಂದು ಯಾರೂ ಕೇಳಬೇಕಾಗಿಲ್ಲ.

“ವೈರಿಂಗ್ ಮಾಡಾವನ್ನ ಕರಸಲಿಲ್ಲೇನ?” ಎಂದು ಕಸ್ತೂರಿಯನ್ನು ಕೇಳಿದೆ.

“ಕರಸಿದ್ವಿ. ಶಿರಹಟ್ಟಿ ಕಡಿಯಾಂವ, ಫಕೀರಪ್ಪ ಅಂತ. ಟೆಸ್ಟರ್ ಹಚ್ಚಿ ನೋಡಿದ. ಅದು ಮಿಣಿಮಿಣಿ ಅಂತು. ಇದೇನ ಬಾಳ ಇಲ್ರಿ, ಎಲ್ಲಾರ ಮನ್ಯಾಗೂ ಇಷ್ಟ ಇರತೈತಿ, ಚಪ್ಪಲಿ ಹಾಕ್ಕೊಂಡ ಮುಟ್ರಿ ಅಂದ.”

“ನೀ ಹಾಕ್ಕೊಂಡ್ಯೇನ?”

“ಹೆಂಗ ಹಾಕ್ಕೊಳ್ಳಿ? ಕುಡಿಯೋ ನೀರ ತುಂಬೋ ಜಾಗದಾಗ ಚಪ್ಪಲಿ ಏನ ಅಂತ ಅತ್ತಿ ಬೈದ್ರು. ಅದೂ ಅಲ್ದ, ಕಾಲ ಮಡಚಿ ಕಲ್ಲಿನ ಮುಂದ ಕುಂತು ಅರಬಿ ಒಗಿಯೂದು. ಹಸೀ ಚಪ್ಪಲಿ ಜಾರತಾವು.”

ಚಪ್ಪಲಿ ಹಾಕಿಕೊಳ್ಳಿ! ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಕಾಯಿಲು ಇಳಿಬಿಟ್ಟ ನೀರಿನ ಕೊಳಗ ಜುಮ್ ಅಂದರೆ ಚಪ್ಪಲಿ. ಫ್ರಿಜ್ಜಿನ ಬಾಗಿಲು ಜುಮ್ ಅಂದರೆ ಚಪ್ಪಲಿ. ಮಿಕ್ಸರು, ಇಸ್ತ್ರಿ, ಗ್ರೈಂಡರು, ಎಲ್ಲಕ್ಕೂ ಒಂದೇ ಔಷಧಿ. ಯಂತ್ರ ಹೇಗಾದರೂ ಇರಲಿ, ಅದರ ಮುಂದೆ ನಿಲ್ಲುವ ಹೆಂಗಸು ಮಾತ್ರ ರಬ್ಬರಿನ ಮೇಲೆ ನಿಲ್ಲಬೇಕು. ಮನೆ ಕಟ್ಟುವಾಗ ಬಾಗಿಲಿನ ಕಟ್ಟಿಗೆ ಯಾವುದು, ಮುಂದಿನ ಕಂಬಕ್ಕೆ ಬಣ್ಣ ಯಾವುದು ಎಂದು ತಿಂಗಳುಗಟ್ಟಲೆ ಚರ್ಚೆ ಮಾಡುತ್ತಾರೆ. ನೆಲದೊಳಗೆ ಇಳಿಯಬೇಕಾದ ಅರ್ಥಿಂಗ್ ತಂತಿಯ ಬಗ್ಗೆ ಚರ್ಚೆ ಮಾಡಿದ ಒಂದು ಮನೆಯನ್ನು ನನಗೆ ತೋರಿಸಿ, ನಾನೇ ಹೋಗಿ ಆರತಿ ಎತ್ತಿ ಬರುತ್ತೇನೆ.

ಆ ರವಿವಾರವೇ ಕಸ್ತೂರಿಯ ಜೊತೆ ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಚೀಲದಲ್ಲಿ ಶಾಲೆಯ ಪ್ರಯೋಗಾಲಯದ ಮಲ್ಟಿಮೀಟರು, ಒಂದು ಹೋಲ್ಡರಿಗೆ ಎರಡು ಉದ್ದ ತಂತಿ ಕಟ್ಟಿ ಸಿಕ್ಕಿಸಿದ ಜೀರೋ ಬಲ್ಬು. ದೇವರ ಮನೆಯಲ್ಲಿ ಉರಿಯುತ್ತದಲ್ಲ, ಅಂಥ ಸಣ್ಣ ಬಲ್ಬು. ಬಸ್ಸಿನುದ್ದಕ್ಕೂ ಕಸ್ತೂರಿ, “ಜಗಳ ಮಾಡಬ್ಯಾಡಕ್ಕಾ, ಅವರು ಕೆಟ್ಟವರಲ್ಲ” ಎನ್ನುತ್ತಲೇ ಇದ್ದಳು. ಕೆಟ್ಟವರಲ್ಲ ಎಂಬುದು ನನಗೂ ಗೊತ್ತು. ವೀರಣ್ಣ ಹೆಂಡತಿಗೆ ಜ್ವರ ಬಂದರೆ ತಾನೇ ರೊಟ್ಟಿ ಬಡಿಯುವ ಮನುಷ್ಯ. ಅದಕ್ಕೇ ನನ್ನ ಸಿಟ್ಟು ಇನ್ನೂ ಜಾಸ್ತಿಯಾಗಿತ್ತು. ಕೆಟ್ಟವನು ನಂಬದಿದ್ದರೆ ಅದಕ್ಕೊಂದು ಕಾರಣವಾದರೂ ಇರುತ್ತದೆ.

ವೀರಣ್ಣ ಬಾಗಿಲಲ್ಲೇ ಎದುರಾದ. “ಬರ್ರಿ ಅಕ್ಕಾರ, ಕುಂಡ್ರಿ. ಚಹಾ ಮಾಡಸ್ತೀನಿ.”

“ಚಹಾ ಆಮ್ಯಾಲ. ಫಕೀರಪ್ಪಗ ಫೋನ್ ಹಚ್ಚಿ ಕರೀರಿ. ಹಿತ್ತಲಕ ಬರ್ರಿ.”

ನನ್ನ ಮುಖ ನೋಡಿ ಅವನು ಕೂಡಲೇ ಫೋನು ಮಾಡಿದ. ಫಕೀರಪ್ಪ ಶಿಗ್ಲಿಯಲ್ಲೇ ಯಾರದೋ ಮನೆಯ ಕೆಲಸದಲ್ಲಿದ್ದನಂತೆ, ಬೇಗ ಬಂದ. ಅರ್ಧ ವಯಸ್ಸು ದಾಟಿದ, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡ ಸೌಮ್ಯ ಮನುಷ್ಯ. ಹಿತ್ತಲ ಬಾಗಿಲಲ್ಲಿ ನೀಲವ್ವ ಅತ್ತೆ ಕೋಲೂರಿ ನಿಂತರು.

ಮೋಟರು ಹಚ್ಚಿಸಿದೆ. ವೀರಣ್ಣ ಎಂದಿನಂತೆ ಮುಂದೆ ಬಂದ. “ಅಕ್ಕಾರ, ನೀವ ನೋಡ್ರಿ ಬೇಕಾರ” ಎಂದು ನಾನು ತಡೆಯುವುದರೊಳಗೆ ನಳ ಹಿಡಿದೇಬಿಟ್ಟ. ನಿರಾಳವಾಗಿ ಹಿಡಿದುಕೊಂಡು ನಿಂತ. “ಏನರ ಆತೇನ್ರಿ? ನಾ ಸುಳ್ಳ ಹೇಳತೀನೇನ?”

ಅವನು ಸುಳ್ಳು ಹೇಳುತ್ತಿರಲಿಲ್ಲ. ಅದೇ ಈ ಕಥೆಯ ಹೊಟ್ಟೆಯುರಿಸುವ ಭಾಗ. ಅವನ ಕೈ ಒಣಗಿತ್ತು, ಹೊಲದ ಕೆಲಸಕ್ಕೆ ಚರ್ಮ ತೊಗಲಿನಂತೆ ದಪ್ಪಗಾಗಿತ್ತು. ಕಾಲಿನಲ್ಲಿ ದಪ್ಪ ಅಟ್ಟೆಯ ಚಪ್ಪಲಿ. ಅವನು ನಿಂತದ್ದು ಕಲ್ಲಿನಿಂದ ದೂರ, ಒಣ ಫರಸಿ ಹಾಸಿನ ಮೇಲೆ.

“ವೀರಣ್ಣ, ಕೈ ಬಿಡ್ರಿ ಮೊದಲ” ಎಂದೆ. ಬಿಟ್ಟ. “ಈಗ ಹೇಳ್ರಿ. ನೀವು ಎಂದರ ಆ ಕಲ್ಲಿನ ಮುಂದ ಬರೇ ಕಾಲಾಗ ಕುಂತು, ಹಸೀ ಕೈಯಿಂದ ಈ ನಳ ಮುಟ್ಟೀರೇನ?”

“ನಾ ಯಾಕ ಕುಂಡ್ರಲಿ ಅಲ್ಲೆ?”

“ಅದ ನಾ ಕೇಳಾಕತ್ತೀನಿ. ಯಾರು ಕುಂಡ್ರತಾರ?”

ಫಕೀರಪ್ಪ ನಡುವೆ ಬಂದು ಸಮಾಧಾನದ ದನಿಯಲ್ಲಿ, “ಅಕ್ಕೋರ, ನಾನೂ ನೋಡೀನ್ರಿ. ವೋಲ್ಟೇಜ್ ಕಡಿಮಿ ಐತ್ರಿ. ಇಷ್ಟಕ್ಕ ಏನೂ ಆಗೂದಿಲ್ಲ” ಎಂದ.

ಮೀಟರಿನ ಒಂದು ಕಡ್ಡಿಯನ್ನು ನಳಕ್ಕೆ, ಇನ್ನೊಂದನ್ನು ಕಲ್ಲಿನ ಪಕ್ಕದ ಹಸಿ ಮಣ್ಣಿನಲ್ಲಿ ಹೂತಿದ್ದ ಕಬ್ಬಿಣದ ಗೂಟಕ್ಕೆ ಹಿಡಿದೆ. ನೂರರ ಹತ್ತಿರ ಹತ್ತಿರ ತೋರಿಸಿತು. ಫಕೀರಪ್ಪನಿಗೆ ತೋರಿಸಿ, “ಇದು ಕಡಿಮಿ ಏನ್ರಿ?” ಎಂದೆ.

“ಎರಡನೂರಾ ಮೂವತ್ತಕ್ಕ ಹೋಲಿಸಿದ್ರ ಕಡಿಮಿನ ಅಲ್ರಿ?”

ನೋಡಿ, ಇಲ್ಲೇ ಎಲ್ಲರೂ ಎಡವುವುದು. ವೋಲ್ಟೇಜು ಎಷ್ಟು ಎಂದು ಕೇಳಿ ಸುಮ್ಮನಾಗುತ್ತಾರೆ. ಮನುಷ್ಯನನ್ನು ಹಿಡಿಯುವುದು ಅವನೊಳಗಿಂದ ಹರಿದುಹೋಗುವ ಕರೆಂಟು. ಅದು ಎಷ್ಟು ಹರಿಯುತ್ತದೆ ಎಂಬುದು ನೂಕುವ ವೋಲ್ಟೇಜನ್ನು, ತಡೆಯುವ ರೆಸಿಸ್ಟೆನ್ಸಿನಿಂದ ಭಾಗಿಸಿದರೆ ಸಿಗುವ ಲೆಕ್ಕ. ನಳ ಒಂದೇ. ನೂಕು ಒಂದೇ. ವೀರಣ್ಣನ ಒಣ ಚರ್ಮ, ಚಪ್ಪಲಿ, ಒಣ ಫರಸಿ ಎಲ್ಲ ಸೇರಿ ದೊಡ್ಡ ಗೋಡೆಯಂತೆ ಅಡ್ಡ ನಿಂತಿವೆ. ಅವನೊಳಗೆ ಹರಿಯುವುದು ಇಲ್ಲವೆನ್ನುವಷ್ಟು ಸಣ್ಣದು. ಕಸ್ತೂರಿಯ ಕೈ ಸೋಪಿನ ನೀರಿನಲ್ಲಿ ನೆನೆದು ಮೆತ್ತಗಾಗಿದೆ, ಅಂಗಾಲು ಹಸಿ ನೆಲದ ಮೇಲಿದೆ. ಅವಳಿಗೆ ಗೋಡೆಯೇ ಇಲ್ಲ. ಗಂಡ ಹೇಳಿದ್ದೂ ಖರೆ, ಹೆಂಡತಿ ಹೇಳಿದ್ದೂ ಖರೆ. ಒಬ್ಬರದು ಮಾತ್ರ ನಂಬಿಕೆಗೆ ಬಂತು, ಇನ್ನೊಬ್ಬರದು ಗುಳಿಗೆಗೆ ಬಂತು.

ಇದನ್ನು ನಾನು ಅವರ ಮಾತಿನಲ್ಲಿ, ನಾಲಿಗೆ ಮತ್ತು ಸೆಲ್ಲಿನ ಕಥೆ ಹೇಳಿ, ಸ್ವಲ್ಪ ದೊಡ್ಡ ದನಿಯಲ್ಲೇ ವಿವರಿಸಿದೆ. ಶಾಲೆಯ ಕೊನೆಯ ಬೆಂಚಿಗೆ ಕೇಳಿಸುವಂತೆ ಮಾತಾಡುವುದು ನನ್ನ ಚಟ. ಅಕ್ಕಪಕ್ಕದ ಹಿತ್ತಲ ಗೋಡೆಗಳ ಮೇಲೆ ಒಂದೆರಡು ತಲೆಗಳು ಕಾಣಿಸಿಕೊಂಡವು. ಕೇಳುತ್ತ ಕೇಳುತ್ತ ವೀರಣ್ಣನ ಮುಖ ಕೆಂಪಾಯಿತು. ಎಲ್ಲರ ಮುಂದೆ ಅವಮಾನವಾದಂತೆ ಅನಿಸಿರಬೇಕು. ಏಕಾಏಕಿ ಚಪ್ಪಲಿ ಕಳಚಿ ಒದ್ದ. “ಆತ್ರಿ, ನಾನೂ ಬರೇ ಕಾಲಾಗ ಮುಟ್ಟತೀನಿ. ನೋಡೇಬಿಡೂಣು” ಎಂದವನೇ ಪಕ್ಕದ ಬಕೆಟ್ಟಿನಲ್ಲಿ ಕೈ ಅದ್ದಿದ.

ನಾನು ಕೂಗುವುದಕ್ಕೂ ಮೊದಲೇ ಕಸ್ತೂರಿ ಅವನ ಅಂಗಿಯ ಬೆನ್ನು ಹಿಡಿದು ಜಗ್ಗಿದಳು. ಎಷ್ಟು ಜೋರಾಗಿ ಎಂದರೆ ಹೊಲಿಗೆ ಬಿಟ್ಟ ಸದ್ದು ನನಗೆ ಕೇಳಿಸಿತು. “ಬ್ಯಾಡ್ರಿ! ಮುಟ್ಟಬ್ಯಾಡ್ರಿ!” ಎಂದು ಚೀರಿದಳು. ವರ್ಷವಿಡೀ ಸ್ವಲ್ಪ ಜುಮ್ ಎಂದು ತಾನೇ ತೇಲಿಸಿ ಹೇಳಿದ ನೋವು ಎಷ್ಟಿತ್ತು ಎಂಬುದು ಆ ಚೀರಾಟದಲ್ಲಿ ಹೊರಬಿತ್ತು. ವೀರಣ್ಣ ನೀರು ತೊಟ್ಟಿಕ್ಕುವ ಕೈಯನ್ನು ಗಾಳಿಯಲ್ಲೇ ಹಿಡಿದುಕೊಂಡು ಹೆಂಡತಿಯ ಮುಖ ನೋಡುತ್ತ ನಿಂತ. ಮೋಟರು ಇನ್ನೂ ಗೊಂಯ್‌ಗುಡುತ್ತಿತ್ತು.

ನಾನು ಬಲ್ಬು ತೆಗೆದೆ. ಫಕೀರಪ್ಪನಿಗೆ ಅರ್ಥವಾಯಿತು, ಅವನೇ ಅದನ್ನು ಇಸಿದುಕೊಂಡ. ಒಂದು ತಂತಿಯನ್ನು ನಳಕ್ಕೆ ಸುತ್ತಿದ, ಇನ್ನೊಂದನ್ನು ಕಬ್ಬಿಣದ ಗೂಟಕ್ಕೆ ಒತ್ತಿ ಹಿಡಿದ. ಮನೆಯ ಯಾವ ಸ್ವಿಚ್ಚಿಗೂ ಸೇರದ ಬಲ್ಬು, ನೀರಿನ ನಳದಿಂದ, ಹಾಡುಹಗಲಿನಲ್ಲಿ, ಕೆಂಪಗೆ ಹೊತ್ತಿಕೊಂಡಿತು.

“ಯಪ್ಪಾ!” ಎಂದ ಫಕೀರಪ್ಪ.

“ಕರೆಂಟ್ ಬಲ್ಬಿನ ಮೂಲಕ ಹರಿದದ್ದಕ್ಕ ಅದು ಹತ್ತೇತಿ” ಎಂದೆ. ನನ್ನ ದನಿ ನನಗೇ ಬೇರೆಯವರದ್ದೆನಿಸಿತು. “ದಿನಾ ಮುಂಜಾನಿ ಆ ಬಲ್ಬ್ ಇರೋ ಜಾಗದಾಗ ನನ್ನ ತಂಗಿ ಕುಂಡ್ರತಾಳ.”

ಫಕೀರಪ್ಪ ಓಡಿಹೋಗಿ ಮೋಟರು ಆರಿಸಿದ, ಫ್ಯೂಜನ್ನೇ ಕಿತ್ತು ಜೇಬಿಗೆ ಹಾಕಿಕೊಂಡ. ಮೋಟರು ಬಿಚ್ಚಿ ನೋಡಿದರೆ ಒಳಗಿನ ತಂತಿಯ ಹೊದಿಕೆ ಸುಟ್ಟು, ತಂತಿ ಕಬ್ಬಿಣದ ಮೈಗೆ ತಾಗಿತ್ತು. ಅರ್ಥಿಂಗ್ ಎಲ್ಲಿ ಎಂದು ಹುಡುಕಿದರೆ, ಮೋಟರಿನಿಂದ ಹೊರಟ ತಂತಿ ಫರಸಿಯ ಕೆಳಗೆ ಹೋಗಿ ಅಲ್ಲೇ ಮುಗಿದಿತ್ತು. ಹಿತ್ತಲಿಗೆ ಕಲ್ಲು ಹಾಸುವಾಗ ಕಡಿದುಹೋಗಿ, ಯಾರೂ ನೋಡದಂತೆ ಮೇಲೆ ಕಲ್ಲು ಕೂತಿತ್ತು. ಆ ತಂತಿ ಗಟ್ಟಿಯಾಗಿ ನೆಲ ಮುಟ್ಟಿದ್ದರೆ, ಅದರ ತಡೆ ತೀರ ಸಣ್ಣದಾದ್ದರಿಂದ, ಮೋಟರು ಕೆಟ್ಟ ದಿನವೇ ದೊಡ್ಡ ಕರೆಂಟು ಅದರೊಳಗೆ ನುಗ್ಗಿ ಫ್ಯೂಜು ಸುಟ್ಟು ಎಲ್ಲ ತಾನೇ ಆರಿಹೋಗುತ್ತಿತ್ತು. ತಂತಿ ಮಾಡಬೇಕಾದ ಕೆಲಸವನ್ನು ಒಂದು ವರ್ಷ ಒಬ್ಬ ಹೆಂಗಸಿನ ಮೈ ಮಾಡಿತು.

ಒಬ್ಬ ಹೆಂಗಸಿನ ಮೈ ಅಂದೆ. ಅಲ್ಲಿಯೂ ನನ್ನ ಲೆಕ್ಕ ತಪ್ಪಿತ್ತು. ಫಕೀರಪ್ಪ ಕಲ್ಲು ಎಬ್ಬಿಸುತ್ತಿದ್ದಾಗ ಬಾಗಿಲಲ್ಲಿ ನಿಂತಿದ್ದ ನೀಲವ್ವ ಅತ್ತೆ ಮೆಲ್ಲಗೆ ಹೊಸ್ತಿಲ ಮೇಲೆ ಕುಳಿತರು.

“ಯವ್ವಾ” ಎಂದು ನನ್ನನ್ನು ಕರೆದರು. “ಅದು ನನಗೂ ಹಿಡೀತಿತ್ತ.”

“ನಿಮಗೂ?”

“ಮುಂಜಾನಿ ದೇವರ ನೀರಿಗಿ ನಾನ ಹೋಗತೀನಲ್ಲ. ತಂಬಿಗಿ ಹಿಡಿದ್ರ ಕೈ ಜೋಮ ಹಿಡೀತಿತ್ತು. ವಯಸ್ಸಾತು, ನರ ಸತ್ತಾವು ಅಂತ ತಿಳಕೊಂಡಿದ್ದೆ. ಹೇಳಿದ್ರ ಮಗ ದವಾಖಾನಿಗಿ ಅಡ್ಡಾಡಬೇಕಾಕ್ಕೈತಿ ಅಂತ ಸುಮ್ಮನಾದೆ.”

ಕಸ್ತೂರಿ ಅತ್ತೆಯ ಕಡೆ ತಿರುಗಿದಳು. “ನಾ ಹೇಳಿದಾಗರ ಅನ್ನಬಾರದಿತ್ತೇನ್ರಿ ಅತ್ತಿ, ನನಗೂ ಹಂಗ ಆಕ್ಕೈತಿ ಅಂತ?”

“ನೀ ಸಣ್ಣಾಕಿ. ನಿನಗ್ಯಾಕ ಆದೀತು ಅಂತ ಮಾಡಿದ್ದೆ. ನಿನಗ ಯಾವುದರ ಗಾಳಿ ಹಿಡದೈತೇನೋ ಅಂತ ಅಂಜಿಕಿ ಆಗಿ ದಾರ ಕಟ್ಟಿಸಿದೆ.” ಮುದುಕಿ ಕೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. “ತಿಳೀಲಿಲ್ಲವ್ವಾ.”

ಒಂದೇ ಹಿತ್ತಲು, ಒಂದೇ ನಳ. ಇಬ್ಬರು ಹೆಂಗಸರು ಒಬ್ಬರಾದ ಮೇಲೆ ಒಬ್ಬರು ಅದನ್ನು ಮುಟ್ಟಿ ಕೈ ಎಳೆದುಕೊಂಡಿದ್ದಾರೆ. ಒಬ್ಬಳು ವಯಸ್ಸಿನ ಮೇಲೆ ಹಾಕಿಕೊಂಡಳು, ಇನ್ನೊಬ್ಬಳ ಮೇಲೆ ಉಳಿದವರೆಲ್ಲ ಸೇರಿ ವೀಕ್‌ನೆಸ್ ಹಾಕಿದರು. ಮೋಟರಿನ ಮೇಲೆ ಮಾತ್ರ ಯಾರೂ ಏನೂ ಹಾಕಲಿಲ್ಲ. ಮುದುಕಿಯ ಮೇಲೆ ಸಿಟ್ಟು ಮಾಡಬೇಕೆಂದು ನೋಡಿದೆ, ಬರಲಿಲ್ಲ. ಹಾಗಾದರೆ ಅದು ಯಾರ ಮೇಲೆ ಹೋಗಬೇಕು ಎಂದು ತಿಳಿಯದೆ ಎದೆಯಲ್ಲೇ ಗಿರಕಿ ಹೊಡೆಯಿತು.

ಮಧ್ಯಾಹ್ನದ ಹೊತ್ತಿಗೆ ಫಕೀರಪ್ಪ ಕಡಿದ ತಂತಿಗೆ ಹೊಸ ದಪ್ಪ ತಂತಿ ಜೋಡಿಸಿ, ಗುಂಡಿ ತೋಡಿ, ಇದ್ದಿಲು ಉಪ್ಪು ಹಾಕಿ ನೆಲಕ್ಕೆ ಇಳಿಸಿದ. ಮೋಟರನ್ನು ರಿಪೇರಿಗೆ ಲಕ್ಷ್ಮೇಶ್ವರಕ್ಕೆ ಒಯ್ಯುವುದೆಂದಾಯಿತು. ಕರೆಂಟು ಎಲ್ಲಿಯಾದರೂ ಸೋರಿದರೆ ಕ್ಷಣದಲ್ಲಿ ತಾನೇ ಬಿದ್ದು ಆರುವ ಒಂದು ಸ್ವಿಚ್ಚು ಬರುತ್ತದೆ. ಅದನ್ನು ಗದಗಿನಿಂದ ತರಿಸಿ ಕೂಡಿಸಬೇಕು ಎಂದು ಹೇಳಿದೆ. ಫಕೀರಪ್ಪ ಒಪ್ಪಿದ. ಕೈ ತೊಳೆಯುತ್ತ, “ಅಕ್ಕೋರ, ಈ ಚಪ್ಪಲಿ ಮಾತ ನಾ ಎಷ್ಟ ಮನ್ಯಾಗ ಹೇಳಿ ಬಂದೀನೋ ಏನೋ” ಎಂದ. ಅವನ ಮುಖ ಸಪ್ಪಗಾಗಿತ್ತು. ಆ ಮಾತನ್ನು ಹುಟ್ಟಿಸಿದವನು ಅವನಲ್ಲ.

ಎಲ್ಲರೂ ಪಡಸಾಲೆಯಲ್ಲಿ ಕುಳಿತು ಅವಲಕ್ಕಿ ತಿನ್ನುವಾಗ ವೀರಣ್ಣ ಹಗುರಾಗಿ, ಮನೆಯ ಗಾಳಿ ತಿಳಿಯಾಗಲಿ ಎಂಬಂತೆ, “ಏನರ ಅನ್ರಿ ಅಕ್ಕಾರ, ಬಲ್ಬ್ ಹತ್ತಿದ್ದ ನೋಡಿದ ಮ್ಯಾಲ ನನಗ ಖಾತ್ರಿ ಆತು” ಎಂದ.

ಕಸ್ತೂರಿ ಚಹಾದ ತಟ್ಟೆ ಹಿಡಿದು ಬರುತ್ತಿದ್ದವಳು ನಿಂತಳು. ತಟ್ಟೆಯನ್ನು ಕೆಳಗಿಟ್ಟಳು.

“ಬಲ್ಬ್ ನಿಮಗ ಒಮ್ಮೆ ಹೇಳಿದ್ದಕ್ಕ ಖಾತ್ರಿ ಆತು” ಎಂದಳು. “ನಾ ವರ್ಷಾನಗಟ್ಟಲೆ ಬಾಯಿಬಿಟ್ಟ ಹೇಳೀನಿ. ನಾ ಆ ಜೀರೋ ಬಲ್ಬಿಗಿಂತ ಕಡಿಮಿ ಆದ್ನೇನ್ರಿ?”

ನನ್ನ ತಂಗಿ ಸಿಟ್ಟು ಮಾಡಿದ್ದನ್ನು ನಾನು ಕಂಡಿರಲಿಲ್ಲ. ನಮ್ಮ ಮನೆಯಲ್ಲಿ ಸಿಟ್ಟೆಲ್ಲ ನನ್ನ ಪಾಲಿಗೆ ಬಂದು ಅವಳಿಗೆ ಏನೂ ಉಳಿದಿಲ್ಲ ಎಂದು ಅವ್ವ ಹೇಳುತ್ತಿದ್ದಳು. ವೀರಣ್ಣ ಅವಲಕ್ಕಿಯ ತಾಟು ಪಕ್ಕಕ್ಕೆ ಸರಿಸಿದ. ತಲೆ ತಗ್ಗಿಸಿ, “ತಪ್ಪಾತು” ಎಂದ. ಖರೇನೇ ಅಂದ.

“ತಪ್ಪಾತು ಅಂದ್ರ ಮುಗೀಲಿಲ್ಲ. ಇನ್ನ ಮ್ಯಾಲ ನಾ ನೋವ ಅಂದ್ರ ನೋವ, ಅಂಜಿಕಿ ಅಂದ್ರ ಅಂಜಿಕಿ. ನೀವು ಮುಟ್ಟಿ ನೋಡೂದ ಆಮ್ಯಾಲ.”

“ಆತು” ಎಂದ ಅವನು.

ಇಡೀ ದಿನ ಕೂಗಾಡಿದ ನನ್ನ ಮಾತಿಗಿಂತ ಅವಳ ಆ ನಾಲ್ಕು ಮಾತು ಮನೆಯೊಳಗೆ ಆಳವಾಗಿ ಇಳಿದವು.

ಅಷ್ಟರಲ್ಲಿ ಹಿತ್ತಲ ಗೋಡೆಯ ಆಚೆಯ ಮನೆಯವರು, ಶೇಖಪ್ಪ ಎಂಬ ಹಿರಿಯರು, ಬಾಗಿಲಿಗೆ ಬಂದರು. ಬೆಳಗಿನ ಗಲಾಟೆಯನ್ನು ಗೋಡೆಯ ಮೇಲಿಂದ ನೋಡಿದವರು. ಅವರ ಹಿಂದೆ ಹೆಂಡತಿ ಗಂಗವ್ವ, ರೊಟ್ಟಿಯ ಹಿಟ್ಟು ಮೆತ್ತಿದ ಕೈಯನ್ನು ಸೆರಗಿನಲ್ಲಿ ಮರೆಮಾಡಿಕೊಂಡು ನಿಂತಿದ್ದಳು.

“ಏನೋ ಬಲ್ಬ್ ಹಚ್ಚಿದ್ರಲ್ಲ ನಳಕ್ಕ” ಎಂದು ಶೇಖಪ್ಪ ನಕ್ಕರು. “ನಮ್ಮಲ್ಲೆ ಅಂಥಾದ್ದೇನೂ ಇಲ್ಲ ಬಿಡ್ರಿ. ನಮ್ಮ ಮೋಟರ್ ಎಲ್ಲಾ ಬರೋಬರಿ ಐತಿ.”

ಫಕೀರಪ್ಪ ತನ್ನ ಚೀಲಕ್ಕೆ ಕೈ ಹಾಕಿದ. ಕಸ್ತೂರಿ ಅವನನ್ನು ತಡೆದಳು. ಹಿರಿಯರ ಪಕ್ಕದಿಂದ ಸರಿದುಹೋಗಿ ಗಂಗವ್ವನ ಎದುರಿಗೆ ನಿಂತಳು.

“ದೊಡ್ಡವ್ವಾ, ನೀ ಹೇಳು. ಏನರ ಆಕ್ಕೈತೇನ ನಿನಗ?”

ಗಂಗವ್ವ ಗಂಡನ ಮುಖ ನೋಡಿದಳು. ಪಡಸಾಲೆಯಲ್ಲಿ ಕುಳಿತಿದ್ದ ನೀಲವ್ವನನ್ನು ನೋಡಿದಳು. ಆಮೇಲೆ ಹಿಟ್ಟಿನ ಕೈಯನ್ನು ಸೆರಗಿನಿಂದ ಹೊರಗೆ ತೆಗೆದು, “ಬಾರವ್ವಾ, ಎಲ್ಲಿ ಹಿಡೀತೈತಿ ಅಂತ ತೋರಸ್ತೀನಿ” ಎಂದು ತನ್ನ ಮನೆಯ ಕಡೆಗೆ ಮುಂದೆ ಮುಂದೆ ನಡೆದಳು.